ಪೂಜೆಗಿಟ್ಟ ಕೆಮಿಸ್ಟ್ರಿ

ದಾಸವಾಳ ಜಾರಿತು, ಮೇಲಿನ ಪುಸ್ತಕದಿಂದ ಉರುಳಿ ಮಣೆಯ ಮೇಲೆ ಬಿತ್ತು, ಬೀಳಲಿ, ಎತ್ತಿಡುವುದಕ್ಕೂ ಯಾರೂ ಕೈ ಹಾಕುವ ಹಾಗಿಲ್ಲ, ವಿಜಯದಶಮಿಯವರೆಗೆ ಮುಟ್ಟಬಾರದು, ಓದಬಾರದು, ಅಪ್ಪ ನಡೆಸಿಕೊಂಡು ಬಂದ ನಿಯಮ — ಏಳು ಪುಸ್ತಕ, ಏಳೂ ನನ್ನವು, ಅರವತ್ತೈದನೇ ಇಸವಿಯಲ್ಲಿ ಬಿ.ಎಸ್ಸಿ. ಮುಗಿಸಿ ಸಾಗರಕ್ಕೆ ವಾಪಸು ಬಂದಮೇಲೆ ಎರಡು ವರ್ಷ ಟ್ರಂಕಿನಲ್ಲೇ ಬಿದ್ದಿದ್ದವು, ಎಂತಕ್ಕೆ ಇಟ್ಕಂಡಿದೀಯೆ ವಿಶಾಲೂ, ಗೆದ್ದಲು ಹಿಡೀತದೆ, ಯಾರಿಗಾದ್ರೂ ಕೊಡು, ಅಮ್ಮನದು ಒಂದೇ ರಾಗ, ಕೊಡುವವಳೇ ಇದ್ದೆ, ನಿಜವಾಗಿ, ಅತ್ತಿಗೆ ಬರುವ ತನಕ. ತೀರ್ಥಹಳ್ಳಿಯ ತುಂಗಮ್ಮ, ಅಣ್ಣನ ಹೆಂಡತಿ, ಕೊನೇ ವರ್ಷದ ಪರೀಕ್ಷೆ ಬಿಟ್ಟು ಹಸೆಮಣೆ ಏರಿದವಳು, ಬಂದು ಐದು ತಿಂಗಳಾಗಿಲ್ಲ, ಅಪ್ಪ ಅಕ್ಟೋಬರ್ ಪರೀಕ್ಷೆಗೆ ಫಾರಂ ತಂದರು, ಓದು ಮಗಾ, ನಿಮ್ಮ ಅಪ್ಪಂಗೆ ಮಾತು ಕೊಟ್ಟಿದೀನಿ, ವಿಶಾಲು ಪುಸ್ತಕ ಇದಾವಲ್ಲ, ಪಾಸಾದ್ರೆ ಕೆಲಸಕ್ಕೂ ಸೇರಬಹುದು. ಮಗಾ ಅಂತೆ! ಹೊಸನಗರದ ಹೈಸ್ಕೂಲಿನಿಂದ ನನಗೆ ಕೆಲಸದ ಕಾಗದ ಬಂದಾಗ ಇದೇ ಅಪ್ಪ, ನಮ್ಮನೆ ಹುಡುಗಿ ದುಡಿದು ತರೋ ಗತಿ ಬಂದಿಲ್ಲ ಎಂದು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದರು, ನಾನು ಹೂಂ ಅಂದಿದ್ದೆ, ಯಾಕೆ ಹಾಗಂದೆನೋ. ಹೊಟ್ಟೆ ಉರಿಯುತ್ತದೆ, ಹೊಟ್ಟೆಕಿಚ್ಚೇ ಇದು, ಬೇರೆ ಹೆಸರು ಯಾಕೆ, ಹಾಲು ಉಕ್ಕದಂತೆ ಒಂದು ಕಣ್ಣಿಟ್ಟು ಇನ್ನೊಂದರಲ್ಲಿ ನನ್ನ ಪುಸ್ತಕ ಓದುತ್ತಾಳೆ, ನಾನು ಗೆರೆ ಎಳೆದ ಕಡೆಯೆಲ್ಲ ಅವಳ ಪೆನ್ಸಿಲಿನ ಗುರುತು, ಅಪ್ಪ ಸಂಜೆ ಕಾಫಿ ಕುಡಿಯುತ್ತ ಅವಳಿಗೆ ಪ್ರಶ್ನೆ ಕೇಳಿ ಭೇಷ್ ಅನ್ನುತ್ತಾರೆ — ಮೂಲಾ ನಕ್ಷತ್ರದ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ಏಳನ್ನೂ ತಂದು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದೆ, ಅಪ್ಪಾ, ಈ ಸಲ ಸರಸ್ವತಿ ಪೂಜೆಗೆ ನನ್ನ ಪುಸ್ತಕಾನೂ ಇಡ್ತೀನಿ, ಇಡು ಇಡು ಎಂದು ಖುಷಿಯಲ್ಲಿ ಅಕ್ಷತೆ ಹಾಕಿಬಿಟ್ಟರು, ಆಮೇಲೆ ಹೊಳೆಯಿತು, ಅಯ್ಯೋ ತುಂಗಾ, ನಿನ್ನ ಪರೀಕ್ಷೆ ಏಕಾದಶಿ ದಿನ ಅಲ್ವೇನೆ, ಇನ್ನು ಮುಟ್ಟೋ ಹಾಗಿಲ್ವಲ್ಲ. ಪರವಾಗಿಲ್ಲ ಮಾವ, ಅಂದಳು. ಅಷ್ಟೇ. ಬೈಯಬಾರದಿತ್ತೇ, ನನ್ನ ಕಡೆ ತಿರುಗಿ ಒಂದು ಸಲ ದುರುಗುಟ್ಟಿ ನೋಡಬಾರದಿತ್ತೇ, ಹಾಗಾದರೂ ಆ ರಾತ್ರಿ ಉಂಡದ್ದು ಮೈಗೆ ಹತ್ತುತ್ತಿತ್ತು.

ಈಗ ಬಂದು ಮಣೆಯ ಮುಂದೆ ಕೂತಿದ್ದಾಳೆ, ಪಕ್ಕದಲ್ಲಿ ನೀರಿನ ಚೊಂಬು, ಕಣ್ಣು ಮುಚ್ಚಿದೆ, ತುಟಿ ಅಲ್ಲಾಡುತ್ತಿದೆ, ಜಗಲಿಯಲ್ಲಿ ಅಪ್ಪ ಅಮ್ಮನಿಗೆ ಹೇಳುತ್ತಿದ್ದಾರೆ, ಎಷ್ಟು ಭಕ್ತಿ ನೋಡು — ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ, ಆರನೇ ಅಧ್ಯಾಯ ಅದು, ಸಾಲಿಗೆ ಸಾಲು ಒಪ್ಪಿಸುತ್ತಿದ್ದಾಳೆ, ಹೂ ಕಟ್ಟುತ್ತ ಕೂತ ನನಗೆ ಕೇಳಿಸುತ್ತದೆ, ಪುಸ್ತಕವೇ ಬೇಡ ಇವಳಿಗೆ, ಎಲ್ಲಾದರೂ ತಪ್ಪಲಿ ದೇವರೇ, ಒಂದೇ ಒಂದು ಕಡೆ ತಪ್ಪಲಿ. ಒಪ್ಪಿಸುವುದು ಅಲ್ಲಿಗೇ ತಡೆಯಿತು. ಬೆರಳು ನೀರಿಗದ್ದಿ ಕೆಂಪು ನೆಲದ ಮೇಲೆ ಬೆಂಜೀನಿನ ಆರು ಮೂಲೆ ಎಳೆದಳು, ವಿಶಾಲೂ, ಒಂದು ನೈಟ್ರೋ ಆಗ್ಲೇ ಇಲ್ಲಿ ಕೂತಿದ್ರೆ ಎರಡನೇದು ಬಂದು ಎಲ್ಲಿ ಕೂರ್ತದೆ, ಮರ್ತೇ ಹೋತು, ನೀನು ಪಾಸಾದವಳು, ಹೇಳೆ — ದನಿಯಲ್ಲಿ ಕೋಪ ಹುಡುಕಿದೆ, ಇಲ್ಲ, ಬರೀ ಪ್ರಶ್ನೆ. ಗೊತ್ತು ನನಗೆ, ಬಲಗಡೆಯ ಪುಟ, ಕೆಳಗೆ, ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ, ಅಂಚಿನಲ್ಲಿ ಇಂಕು ಚೆಲ್ಲಿದ ಕಲೆ, ಗೆರೆಯ ಮೇಲೆ ಏನಿತ್ತು, ಪಕ್ಕದಲ್ಲಾ, ಎದುರಿಗಾ, ಒಂದು ಬಿಟ್ಟು ಆಚೆಯಾ, ಪುಸ್ತಕ ಒಂದು ಮೊಳ ದೂರ, ನಾನೇ ಹಚ್ಚಿದ ಕುಂಕುಮ — ಹೇಳಿಕೊಡೇ ಅವಳಿಗೆ, ಅಪ್ಪ ಜಗಲಿಯಿಂದ ಕೂಗುತ್ತಾರೆ, ನಿಂಗೆ ಬರ್ತದಲ್ಲ — ಬರ್ತದೆ ಅಪ್ಪಾ, ತಡೀರಿ, ಅವಳ ಬೆರಳು ಹಾಗೇ ಎತ್ತಿದೆ, ತುದಿಯಲ್ಲಿ ನೀರಿನ ಹನಿ, ಕೆಳಗೆ ಒಂದು ಮೂಲೆ ಒಣಗಿತು, ಎದುರಿಗಾ, ಪಕ್ಕದಲ್ಲಾ, ಇನ್ನೊಂದು ಮೂಲೆಯೂ ಒಣಗಿತು, ನೆಲ ನೆಲವಾಗುತ್ತಿದೆ, ನಾಲ್ಕು ಮೂಲೆ, ಬೆರಳು, ಹನಿ, ಮೂರು ಮೂಲೆ, ಬೆರಳು