ಮುಖ ನೋಡಿ ಓದುವ ಹುಡುಗಿ

ಗುರುವಾರ ಮಧ್ಯಾಹ್ನ ಟೀಚರ್ ಕೈಯಿಂದ ಪೆನ್ನು ಜಾರಿ ಮೇಜಿನ ಕೆಳಗೆ ಬಿತ್ತು. ಬಗ್ಗಿ ಹುಡುಕುತ್ತಲೇ ಅವಳು, "ನೀರು ಯಾವುದು, ತೋರಿಸು" ಎಂದಳು. ಎದ್ದು ನೋಡಿದರೆ ಎದುರು ಕೂತಿದ್ದ ಹುಡುಗಿ ಗುಬ್ಬಿಯ ಕೈ ಮೂರು ಕಾರ್ಡುಗಳ ಮೇಲೆ ಗಾಳಿಯಲ್ಲೇ ನಿಂತಿತ್ತು. ಟೀಚರ್ ಮುಖ ಕಂಡದ್ದೇ ತಡ, ಕೈ ಸರಿಯಾದ ಕಾರ್ಡಿನ ಮೇಲೆ ಇಳಿಯಿತು.



ಗುಬ್ಬಿಗೆ ಒಂಬತ್ತು ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ. ಬಾಯಲ್ಲಿ ಬರುವುದು ಎರಡೇ ಎರಡು ಸದ್ದು. ಬಾಯಿಬಿಟ್ಟು ಓದಲಾರದ ಮಗುವಿಗೂ ತೋರಿಸಿ ಓದುವುದನ್ನು ಕಲಿಸಬಹುದೆಂದು ಹಟ ಹಿಡಿದು ಟೀಚರ್ ಎಂಟು ತಿಂಗಳು ಅವಳೆದುರು ಕೂತಿದ್ದಳು. ಚಿತ್ರವಿಲ್ಲದ ಹನ್ನೆರಡು ಕಾರ್ಡು, ಒಂದೊಂದರ ಮೇಲೆ ಒಂದೊಂದು ಪದ. ಪ್ರತಿ ಸಲ ಮೂರನ್ನು ಮುಂದಿಟ್ಟು ಒಂದನ್ನು ತೋರಿಸು ಎನ್ನುವುದು. ಹನ್ನೆರಡೂ ಬರುತ್ತವೆಂದು ವರದಿ ಬರೆದಾಗಿತ್ತು. ಗುಬ್ಬಿಯ ಅಮ್ಮ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಬಂಧುಬಳಗಕ್ಕೆ ಕಳಿಸಿದ್ದಳು. ನಾಳೆ ಶಾಲೆ ನಡೆಸುವ ದೊಡ್ಡ ಮೇಡಂ ಬಂದು ಪರೀಕ್ಷಿಸಿ, ಮಗುವನ್ನು ಓದಿನ ತರಗತಿಯಲ್ಲಿ ಉಳಿಸುವುದೋ, ಮಣಿ ಪೋಣಿಸುವ ಕೋಣೆಗೆ ಕಳಿಸುವುದೋ ಎಂದು ತೀರ್ಮಾನಿಸುವವರಿದ್ದರು.

ಇವಳು ಇಷ್ಟು ದಿನ ಓದಿದ್ದು ಕಾರ್ಡನ್ನೋ, ನನ್ನ ಕಣ್ಣನ್ನೋ?

"ಅಕ್ಕಾ, ಪದ ಹೇಳುವಾಗ ನಾನು ಎಲ್ಲಿ ನೋಡ್ತೀನಿ?" ಎಂದು ಮೂಲೆಯಲ್ಲಿ ಗುಡಿಸುತ್ತಿದ್ದ ಆಯಾಳನ್ನು ಕೇಳಿದಳು.

"ಸರಿಯಾದ್ದು ಎಲ್ಲಿದೆಯೋ ಅಲ್ಲಿ. ನನಗೆ ಒಂದಕ್ಷರ ಬರಲ್ಲ, ಆದ್ರೂ ನಾನೂ ಹನ್ನೆರಡಕ್ಕೆ ಹನ್ನೆರಡು ತೆಗೀತೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಪಾಠ ಹೇಳೋದೇ ಹಾಗೆ ಅಂದ್ಕೊಂಡಿದ್ದೆ."

ಟೀಚರ್ ಪೊರಕೆ ಇಸಿದುಕೊಂಡು ಆಯಾಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ತಾನು ಗೋಡೆಗೆ ಮುಖ ಮಾಡಿ ನಿಂತು ಪದ ಹೇಳತೊಡಗಿದಳು. ಗುಬ್ಬಿ ಎರಡು ಸಲ ಎದ್ದುಬಂದು ಅವಳ ಮುಖ ಇಣುಕಿದಳು. ಆಯಾ ಎರಡು ಸಲವೂ ಕರೆತಂದು ಕೂರಿಸಿದಳು. "ನನ್ನ ಮುಖದಲ್ಲೂ ಏನಿಲ್ಲ ಕಂದಾ, ಕಾರ್ಡು ನೋಡು."

ಒಂದೊಂದು ಪದವನ್ನೂ ಮೂರು ಮೂರು ಸಲ ಕೇಳಿದ್ದಾಯಿತು. ಮೂರು ಸಲವೂ ತಪ್ಪದೆ ಬಂದದ್ದು ನಾಲ್ಕೇ ಪದ.

ಸಂಜೆ ಕರೆದೊಯ್ಯಲು ಬಂದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಮಗಳ ಚೀಲದ ಜಿಪ್ಪನ್ನು ಸುಮ್ಮನೆ ಎಳೆಯುತ್ತ ನಿಂತಳು.

"ನಾಳೆ ಒಂದಿನ ಹಳೇ ಥರಾನೇ ಕೇಳಿಬಿಡಿ ಮೇಡಂ. ಯಾರಿಗೆ ಗೊತ್ತಾಗುತ್ತೆ?"

 ಹಾಗೇ ಮಾಡಿಬಿಡಬೇಕೆಂದು ಟೀಚರ್‌ಗೂ ಅನ್ನಿಸಿತ್ತು. 

ಬೆಳಿಗ್ಗೆ ದೊಡ್ಡ ಮೇಡಂ ಪುಸ್ತಕ ತೆರೆದು ಕೂತಾಗಲೂ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿರಲಿಲ್ಲ. ಗುಬ್ಬಿ ಅವಳ ಮುಖವನ್ನೇ ನೋಡುತ್ತಿದ್ದಳು, ನಂಬಿಕೆಯಿಂದ. ಅದನ್ನು ತಡೆಯಲಾರದೆ ಟೀಚರ್ ಎದ್ದಳು. "ಅಕ್ಕಾ, ಬನ್ನಿ."

"ಇದೇನು, ಆಯಾ ಪಾಠ ಮಾಡ್ತಾರಾ?"

"ಅವರಿಗೆ ಓದಕ್ಕೆ ಬರಲ್ಲ ಮೇಡಂ. ಅದಕ್ಕೇ."

ಗೋಡೆಯತ್ತ ತಿರುಗಿ ಅವಳು ಹನ್ನೆರಡು ಪದ ಹೇಳಿದಳು. ಬೆನ್ನ ಹಿಂದೆ ಕಾರ್ಡು ಸರಿಯುವ ಸದ್ದು, ಪೆನ್ನು ಗೀಚುವ ಸದ್ದು. 

"ಐದು," ಎಂದರು ದೊಡ್ಡ ಮೇಡಂ. "ಮೂರರಲ್ಲೊಂದು ಅಂದ್ರೆ ಕಣ್ಣು ಮುಚ್ಚಿ ಎತ್ತಿದ್ರೂ ನಾಲ್ಕು ಬರುತ್ತಲ್ಲಮ್ಮ. ವರದಿಯಲ್ಲಿ ಹನ್ನೆರಡು ಅಂತಿದೆ."

"ಅದು ನನ್ನ ತಪ್ಪು. ನಾಲ್ಕು ಮಾತ್ರ ಗಟ್ಟಿಯಾಗಿ ಬರುತ್ತೆ. ಎಲ್ಲಾ ಕಾರ್ಡೂ ಒಟ್ಟಿಗೇ ಹರಡಿ ಆ ನಾಲ್ಕನ್ನ ನೀವೇ ಕೇಳಿ ನೋಡಿ."

ಟೀಚರ್ ವರದಿಯಲ್ಲಿ ಆ ನಾಲ್ಕಕ್ಕೆ ಗುರುತು ಹಾಕಿಕೊಟ್ಟಳು, ಆಯಾ ಹನ್ನೆರಡನ್ನೂ ಹರಡಿದಳು. ದೊಡ್ಡ ಮೇಡಂ ಗುಬ್ಬಿಯ ಹಿಂದೆ ನಿಂತು ಕೇಳಿದರು. ಅಮ್ಮ, ಸಿಕ್ಕಿತು. ನೀರು, ಸಿಕ್ಕಿತು. ಬಸ್ಸು, ತಡವಾಗಿ ಸಿಕ್ಕಿತು. ನಂಬಿಕೆ ಬಾರದೆ ಅವರು ನಾಲ್ಕನೆಯದನ್ನು ಬಿಟ್ಟು ಬಸ್ಸನ್ನೇ ಮತ್ತೆ ಕೇಳಿದರು, ಮತ್ತೂ ಕೇಳಿದರು. ಗುಬ್ಬಿ ಕಾರ್ಡುಗಳ ಮೇಲೆ ಬಗ್ಗಿದಳು. ಒಂದನ್ನು ಎತ್ತಿಕೊಂಡು, ಕುರ್ಚಿಯಿಂದಿಳಿದು, ದೊಡ್ಡ ಮೇಡಂ ಪುಸ್ತಕದ ಮೇಲೆ ತಂದಿಟ್ಟಳು.

'ಸಾಕು.'

"ಇದನ್ನ ಯಾರು ಕೇಳಿದ್ರು?" ಎಂದರು ದೊಡ್ಡ ಮೇಡಂ.

"ಯಾರೂ ಕೇಳಿಲ್ಲ," ಎಂದಳು ಆಯಾ. "ಏನಂತೆ ಅದು?"

 ದೊಡ್ಡ ಮೇಡಂ ವರದಿಯಲ್ಲಿನ ಹನ್ನೆರಡನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದರು. ಗುಬ್ಬಿಗೆ ಆರು ತಿಂಗಳ ಅವಕಾಶ, ಟೀಚರ್‌ಗೆ ತಪ್ಪು ವರದಿಗಾಗಿ ಒಂದು ಎಚ್ಚರಿಕೆ ಪತ್ರ.

ಅಮ್ಮ ಹೊರಗೆ ಕಾಯುತ್ತಿದ್ದಳು. ಸುದ್ದಿ ಕೇಳಿಯೂ ಅವಳ ಮುಖ ಸಡಿಲವಾಗಲಿಲ್ಲ.

"ಆ ನಾಲ್ಕು ಯಾವುದು, ಬರೆದುಕೊಡಿ," ಎಂದಳು. "ಊರವರಿಗೆಲ್ಲ ಹನ್ನೆರಡು ಅಂದಿದ್ದೀನಿ. ನಾನೇ ಹೇಳ್ಕೋತೀನಿ."

ಟೀಚರ್ ಚೀಟಿ ತೆಗೆದುಕೊಂಡು ಬರೆಯತೊಡಗಿದಳು.