ಹಿಟ್ಟಿಗೆ ಹೀಟರ್

ಮೈನಸ್ ಹದಿನೆಂಟರ ಚಳಿಯಲ್ಲಿ ಖಾಸಿಂ ವ್ಯಾನಿನ ಗಾಜಿಗೆ ಅಂಟಿದ್ದ ಮಂಜುಗಡ್ಡೆ ಕೆರೆಯುತ್ತಿದ್ದ. ಬೆರಳುಗಳು ಇವೆಯೋ ಇಲ್ಲವೋ ಎಂದು ಆಗಾಗ ನೋಡಿಕೊಳ್ಳಬೇಕಾಗಿತ್ತು. ಸ್ವೀಡನ್ನಿನ ಮೋಲ್ನ್‌ಡಾಲ್‌ನ ಅಡುಗೆಮನೆಯಿಂದ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯ ಕನ್ನಡಿಗ ಎಂಜಿನಿಯರುಗಳಿಗೆ ಮಧ್ಯಾಹ್ನದ ಊಟ ಮುಟ್ಟಿಸುವುದು ಅವನ ಕೆಲಸ. ಮಾಲೀಕ ರಮಾನಂದರು ದೊಡ್ಡ ಮನಸ್ಸಿನವರು. ಪರದೇಶದಲ್ಲಿ ನಮ್ಮವರು ದೋಸೆಯಿಲ್ಲದೆ ಸೊರಗಬಾರದೆಂದು ಹಗಲಿರುಳು ದುಡಿಯುತ್ತಿದ್ದರು. ಅಂದರೆ ದುಡಿಸುತ್ತಿದ್ದರು.

ಅಂಗಳದಲ್ಲಿ ವ್ಯಾನಿನ ಎಂಜಿನ್ ಬೆಚ್ಚಗಿಡುವ ಹೀಟರಿಗೆಂದು ಇದ್ದದ್ದು ಒಂದೇ ಪ್ಲಗ್ಗು. ಚಳಿಗೆ ದೋಸೆ ಹಿಟ್ಟು ಹುಳಿ ಬರುವುದಿಲ್ಲವೆಂದು ರಮಾನಂದರು ಅದರಿಂದ ವೈರು ಎಳೆದು ಹಿಟ್ಟಿನ ಪೆಟ್ಟಿಗೆಗೆ ಕೊಟ್ಟಿದ್ದರು. ಹಿಟ್ಟು ಬೆಚ್ಚಗೆ ಉಬ್ಬುತ್ತಿತ್ತು, ವ್ಯಾನು ಬಯಲಲ್ಲಿ ನಡುಗುತ್ತಿತ್ತು. ಟ್ಯಾಂಕಿನೊಳಗಿದ್ದದ್ದು ಬೇಸಿಗೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಡ್ರಮ್ಮಿಗೆ ತುಂಬಿಸಿಟ್ಟಿದ್ದ ಡೀಸೆಲ್.

"ಸಾರ್, ಬೇಸಿಗೆ ಡೀಸೆಲ್ ಈ ಚಳೀಲಿ ಮೇಣದ ಥರ ಕಟ್ಕೊಳುತ್ತೆ. ಫಿಲ್ಟರ್ ಬ್ಲಾಕ್ ಆಗುತ್ತೆ. ಬಂಕಲ್ಲಿ ವಿಂಟರ್ ಡೀಸೆಲ್ ಹಾಕ್ಸೋಣ," ಎಂದ ಖಾಸಿಂ.

"ಡೀಸೆಲ್‌ಗೂ ಸ್ವೆಟರ್ ಹಾಕ್ಬೇಕೇನಯ್ಯ? ಹೊರಡು ಹೊರಡು, ಲೇಟಾಗುತ್ತೆ."

ಹೆದ್ದಾರಿಯಲ್ಲಿ ಅರ್ಧ ದಾರಿಗೆ ವ್ಯಾನು ಜಗ್ಗಿತು, ಕೆಮ್ಮಿತು, ನಿಂತೇ ಹೋಯಿತು. ಹೇಗೋ ಅಂಚಿಗೆ ತಂದ. ಪಕ್ಕದಲ್ಲೇ ಲಾರಿಗಳು ಗಾಳಿ ಬೀಸಿಕೊಂಡು ಹೋಗುತ್ತಿದ್ದವು. ಒಳಗೆ ಕೂತರೆ ಗುದ್ದಿಸಿಕೊಂಡು ಸಾಯಬೇಕು, ಹೊರಗೆ ನಿಂತರೆ ಮರಗಟ್ಟಿ ಸಾಯಬೇಕು. ಖಾಸಿಂ ಎಚ್ಚರಿಕೆಯ ತ್ರಿಕೋನ ಇಟ್ಟು, ತಡೆಕಂಬಿಯಾಚೆ ಹಿಮದಲ್ಲಿ ನಿಂತು ಫೋನು ಮಾಡಿದ.

"ಸಾರ್, ಗಾಡಿ ನಿಂತ್ಹೋಯ್ತು."

"ಅಯ್ಯೋ! ಸಾಂಬಾರು ಬಿಸಿ ಇದೆಯಾ?"

ಎಂಥ ಕರುಳು! ಖಾಸಿಮನಿಗೆ ನಗು ಬಂತು. ಆದರೆ ತುಟಿ ಸೆಟೆದುಕೊಂಡಿತ್ತು.

"ಟೋಯಿಂಗ್ ಕರೆಸಿ ಸಾರ್."

"ಅದ್ಯಾಕೆ ದಂಡ? ಟ್ಯಾಂಕ್ ಕೆಳಗೆ ಪೇಪರ್ ಗುಡ್ಡೆ ಹಾಕಿ ಬೆಂಕಿ ಹಚ್ಚು. ಹಿಮಾಲಯದಲ್ಲಿ ಲಾರಿಯವ್ರು ಹಂಗೇ ಮಾಡೋದು."

"ಹತ್ಕೊಂಡ್ಬಿಟ್ರೆ?"

"ಡೀಸೆಲ್ ಅಷ್ಟು ಬೇಗ ಹತ್ಕೊಳಲ್ಲ ಕಣಯ್ಯ. ಸುಮ್ನೆ ಹೇಳಿದ್ದು ಮಾಡು. ನಿನ್ನ ವರ್ಕ್ ಪರ್ಮಿಟ್ ನನ್ನ ಕೈಲಿದೆ, ನೆನಪಿರ್ಲಿ."

ಕೆಲಸ ಹೋದರೆ ಪರ್ಮಿಟ್ ಹೋಗುತ್ತದೆ. ಪರ್ಮಿಟ್ ಹೋದರೆ ಹೆಂಡತಿ ಬದ್ರುನ್ನೀಸಾ, ಡಾಗಿಸ್ ಎಂಬ ಶಿಶುವಿಹಾರದಲ್ಲಿ ಸ್ವೀಡಿಷ್ ಹಾಡು ಹಾಡುವ ಮಗಳು, ಎಲ್ಲರೂ ಗಂಟುಮೂಟೆ ಕಟ್ಟಬೇಕು. ಖಾಸಿಮನ ಕೈ ಜೇಬಿನ ಲೈಟರಿನ ಮೇಲೆ ಹೋಯಿತು. ಹಾಗೇ ವಾಪಸು ಬಂತು.

"ಹಚ್ಚಲ್ಲ ಸಾರ್."

"ಏನಂದೆ?"

"ಹಚ್ಚಲ್ಲ ಅಂದೆ."

ಡಬ್ಬಿ ಕಟ್ಟುತ್ತ ಮಾತಾಡುವ ರಮಾನಂದರ ಫೋನು ಯಾವಾಗಲೂ ಸ್ಪೀಕರಿನಲ್ಲಿ. ಅಡುಗೆಮನೆಯೆಲ್ಲ ಕೇಳಿಸಿಕೊಂಡಿತ್ತು. ಅಲ್ಲಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಆಮೇಲೆ ಅಲ್ಲೇ ಚಪಾತಿ ಲಟ್ಟಿಸುವ ಬದ್ರುನ್ನೀಸಾಳ ದನಿ.

"ನನ್ನ ಗಂಡನ್ನ ಸುಡೋಕೆ ಹೇಳ್ತೀರಾ ಸಾರ್? ನಾನು ಲಟ್ಟಣಿಗೆ ಕೆಳಗಿಟ್ಟೆ."

"ನಾನೂ ಒಲೆ ಆರಿಸ್ದೆ," ಎಂದ ಅಡುಗೆಯ ಸುಧೀರ್. "ಮೂರು ಜನದ ಪರ್ಮಿಟ್ಟೂ ಒಟ್ಟಿಗೇ ಕಿತ್ಕೊಳ್ಳಿ. ನಾಳೆ ಒಗ್ಗರಣೆ ನೀವೇ ಹಾಕ್ಕೊಳ್ಳಿ. ಊಟ ಎಲ್ಲಿ ಅಂತ ಟೋರ್ಸ್‌ಲಾಂಡದವ್ರು ಕೇಳಿದ್ರೆ, ಡ್ರೈವರ್‌ಗೆ ಬೆಂಕಿ ಹಚ್ಚೋಕೆ ಹೇಳಿದ್ರು ಅಂತ ನಾನೇ ಹೇಳ್ತೀನಿ."

ರಮಾನಂದರು ಗಂಟಲು ಸರಿಮಾಡಿಕೊಂಡರು. ಆಮೇಲೆ ಬೆಣ್ಣೆಯಂಥ ದನಿಯಲ್ಲಿ ಕೇಳಿದರು:

"ಖಾಸಿಂ, ತುಂಬಾ ಚಳಿ ಆಗ್ತಿದೆಯೇನಪ್ಪಾ?"

"ಹೌದು ಸಾರ್. ಟೋಯಿಂಗ್ ಕಳ್ಸಿ. ಅದು ಬರೋವರ್ಗೂ ಫೋನ್ ಇಡ್ಬೇಡಿ. ಅವರಿಬ್ರೂ ಕೇಳ್ತಾ ಇರ್ಲಿ."