ಬಲಗಣ್ಣಿನ ಕುಂಕುಮ

ನಾನು ಒಂದು ರೇಸಿಂಗ್ ಕಾರು. ನನ್ನನ್ನು ಜೋಡಿಸಿದವರು ಮೆಕ್ಯಾನಿಕ್ ಮಡಿವಾಳಪ್ಪ, ಹುಬ್ಬಳ್ಳಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು. ಒಂದೊಂದು ಬೋಲ್ಟ್ ಬಿಗಿದಾಗಲೂ ಅಂಗೈಯಿಂದ ಒಮ್ಮೆ ಸವರುತ್ತಿದ್ದರು. ನನ್ನ ಹೊಟ್ಟೆಯಡಿ ಎಡಕ್ಕೊಂದು, ಬಲಕ್ಕೊಂದು ಗಾಜಿನ ಕಣ್ಣು ಕೂರಿಸಿದವಳು ಇಂಜಿನಿಯರ್ ವಿನುತಾ. ನಾನು ಓಡುವಾಗ ನೆಲ ಎಷ್ಟು ದೂರವಿದೆ ಎಂದು ಆ ಕಣ್ಣುಗಳು ಅಳೆದು ಅವಳ ಲ್ಯಾಪ್‌ಟಾಪಿಗೆ ತಿಳಿಸುತ್ತಿದ್ದವು.

ಸೀಸನ್ನಿಗೆ ಮೊದಲು ನನ್ನನ್ನು ಟ್ರ್ಯಾಕಿನಲ್ಲಿ ಓಡಿಸಿ ನೋಡುವ ದಿನ ಬಂತು.

"ಮೇಡಂ, ಗಾಲಿಗೆ ಒಂದ್ ನಿಂಬಿಹಣ್ಣರ ಇಡೂಣ್ರಿ. ಮೊದಲ್ನೇ ಸಲ ಹೊಂಟೈತಿ," ಎಂದರು ಮಡಿವಾಳಪ್ಪ.

"ಇದೇನು ನಿಮ್ಮ ಲಾರೀನಾ? ಹಿಂದೆ 'ಸೌಂಡ್ ಹಾರ್ನ್' ಅಂತಲೂ ಬರೆದುಬಿಡಿ," ಎಂದಳು ವಿನುತಾ. ಎಲ್ಲರೂ ನಕ್ಕರು. ಮಡಿವಾಳಪ್ಪ ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡರು.

ಎಲ್ಲರೂ ಟೀಗೆ ಹೋದಾಗ ನನ್ನ ಪಕ್ಕದಲ್ಲಿ 'ಟಕ್' ಎಂದು ಪುಟ್ಟ ಸದ್ದಾಯಿತು. ವಿನುತಾಳ ಕುಂಕುಮದ ಡಬ್ಬಿ. ಯಾರಾದರೂ ಬಂದಾರೆಂದು ಬಾಗಿಲ ಕಡೆ ನೋಡುತ್ತಲೇ, ಕಾಣದ ಜಾಗವಿರಲೆಂದು ನನ್ನ ಹೊಟ್ಟೆಯಡಿ ಬೆರಳೊತ್ತಿದಳು. ಬೆರಳು ಬಿದ್ದದ್ದು ಬಲಗಣ್ಣಿನ ಮೇಲೆ.

ಓಡಿದೆ. ಬಲಬದಿ ಎಂಟು ಮಿಲಿಮೀಟರ್ ಕುಸಿದಿದೆ ಎಂದು ಹೇಳಿಬಿಟ್ಟೆ. ಸುಳ್ಳೆಂದು ಗೊತ್ತಿತ್ತು. ಆದರೆ ನನಗಿದ್ದ ಬಾಯಿ ಆ ಕಣ್ಣೇ.

ಮಡಿವಾಳಪ್ಪ ಸ್ಕೇಲ್ ಹಿಡಿದು ಅಳೆದರು. "ಎರಡೂ ಕಡಿ ಸಮ ಐತ್ರಿ ಸರ್."

"ನಿಂತಾಗ ಸಮ. ಓಡುವಾಗ?" ಎಂದರು ತಂಡದ ಯಜಮಾನ ಪೊನ್ನಪ್ಪ. "ಸ್ಪ್ರಿಂಗ್ ಕೂರಿಸಿದ್ದು ನೀವೇ ತಾನೆ? ಬಲಗಡೆ ಎತ್ತಿ."

ಎತ್ತಿದರು. ನೆಟ್ಟಗಿದ್ದ ನಾನು ಈಗ ನಿಜವಾಗಿಯೂ ವಾರೆಯಾದೆ. ಮೂರನೆಯ ತಿರುವಿನಲ್ಲಿ ಗಿರಗಿರನೆ ಸುತ್ತಿ ಗೋಡೆಗೆ ಮೂತಿ ಒಡೆದುಕೊಂಡೆ. ಓಡಿಸುತ್ತಿದ್ದವನಿಗೆ ಏನೂ ಆಗಲಿಲ್ಲ.

"ಲಾರಿ ಕೈ ಲಾರಿ ಕೈಯೇ. ಈ ಸೀಸನ್ನಿಗೆ ನೀವು ಬೇಡ," ಎಂದರು ಪೊನ್ನಪ್ಪ.

ಮಡಿವಾಳಪ್ಪ ತಮ್ಮ ಅಂಗೈ ನೋಡಿಕೊಂಡರು.

ನನ್ನನ್ನು ಜಾಕಿನ ಮೇಲೆ ಎತ್ತಿದಾಗ ವಿನುತಾ ಬಗ್ಗಿ ಬಲಗಣ್ಣನ್ನು ನೋಡಿದಳು. ಕರ್ಚೀಫಿನಿಂದ ಒರೆಸಿದಳು, ಬಟ್ಟೆ ಕೆಂಪಾಯಿತು. ತಲೆಯೆತ್ತಿದರೆ, ಗಂಟುಮೂಟೆ ಹಿಡಿದು ನಿಂತ ಮಡಿವಾಳಪ್ಪ.

ಅವಳು ಪೊನ್ನಪ್ಪನವರ ಬಳಿ ಹೋದಳು. "ಸರ್, ಸ್ಪ್ರಿಂಗ್ ಸರಿಯಾಗೇ ಇತ್ತು. ಸೆನ್ಸರ್ ತಪ್ಪು ಹೇಳಿದೆ. ಅವರನ್ನು ಕಳಿಸಬೇಡಿ."

"ಯಾಕೆ, ಏನಿತ್ತು ಅದರ ಮೇಲೆ?"

ಅವಳು ಕೆಂಪಾದ ಕರ್ಚೀಫನ್ನು ಮುಷ್ಟಿಯೊಳಗೆ ಮುದುರಿದಳು.

"ಕೆಮ್ಮಣ್ಣಿನ ಧೂಳ್ರಿ ಸರ್," ಎಂದರು ಮಡಿವಾಳಪ್ಪ ಹಿಂದಿನಿಂದ. "ನಾನ ನೋಡೀನಿ."

"ಧೂಳಿಗೆ ಇಷ್ಟು ರಾಮಾಯಣ! ಹೋಗಿ, ನೀವೇ ಇದರ ಮೂತಿ ಮತ್ತೆ ಕಟ್ಟಿ," ಎಂದರು ಪೊನ್ನಪ್ಪ.

ಓಟದ ದಿನಗಳು ಮುಗಿದು ಈಗ ನಾನು ಒಂದು ಕಾಲೇಜಿನ ವರ್ಕ್‌ಶಾಪಿನ ಮೂಲೆಯಲ್ಲಿದ್ದೇನೆ. ಗಾಲಿಗಳಿಲ್ಲ. ಬಲಗಣ್ಣಿನ ಅಂಚಿನಲ್ಲಿ ಉಳಿದ ಕೆಂಪು ಗೆರೆಯನ್ನು ಹುಡುಗಿಯರು ತುಕ್ಕು ಎನ್ನುತ್ತಾರೆ. ನನ್ನನ್ನು ಕಟ್ಟಿದ ಕೈಗೇ ಕಳಂಕ ತಂದೆನಲ್ಲ ಎಂದು ನಾಚುತ್ತೇನೆ. ಆಗೆಲ್ಲ ಆ ಸಂಜೆ ನೆನಪಾಗುತ್ತದೆ.

ನನ್ನ ಮುರಿದ ಮೂತಿಯ ಆಚೆ ಈಚೆ ಇಬ್ಬರೂ ಕೂತಿದ್ದರು. ವಿನುತಾ ತಲೆ ಎತ್ತಿರಲಿಲ್ಲ. ಮಡಿವಾಳಪ್ಪ ಜೇಬಿನ ನಿಂಬೆಹಣ್ಣು ತೆಗೆದು ಅವಳ ಮುಂದಿಟ್ಟರು.

"ಯಾರಿಗೂ ಹೇಳಂಗಿಲ್ರಿ ನಾ," ಎಂದರು. "ಆದ್ರ ಮೇಡಂ, ಮುಂದಿನ ಸಲ ಕುಂಕುಮ ಹಚ್ಚೂದಿದ್ರ ನನ್ನ ಮುಂದನ ಹಚ್ರಿ. ಎಲ್ಲಿ ಹಚ್ಚಬೇಕು ಅಂತ ತೋರಸ್ತೀನಿ."